ಕಾರಿನ ಕಾಲಕ್ಕೆ ತಕ್ಕ ರೇಡಿಯೊ

1957ರ ಷೆವ್ರೊಲೆ ಬೆಲ್ ಏರ್ ಕಾರಿನ ರೇಡಿಯೊವನ್ನು ಹತ್ತಿರದಿಂದ ನೋಡಿದರೆ, ಸ್ಟೇಷನ್ ನಂಬರುಗಳ ಸಾಲಿನಲ್ಲಿ ಎರಡು ಪುಟ್ಟ ತ್ರಿಕೋನಗಳು ಕಾಣುತ್ತವೆ. ಒಂದು 640 ಕಿಲೋಹರ್ಟ್ಜ್ ಇರುವ ಜಾಗದಲ್ಲಿ, ಇನ್ನೊಂದು 1240ರಲ್ಲಿ. ಅವನ್ನು ಅಂದಕ್ಕೆಂದು ಬರೆದಿಲ್ಲ, ಸರ್ಕಾರದ ಕಟ್ಟಪ್ಪಣೆಯಿಂದ ಬರೆದದ್ದು. 1941ರಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಗೆ ಬಂದ ಜಪಾನಿ ವಿಮಾನಗಳು ಹೊನೊಲುಲು ರೇಡಿಯೊ ಕೇಂದ್ರದ ಸಂಗೀತದ ಜಾಡು ಹಿಡಿದು ದಾರಿ ಕಂಡುಕೊಂಡಿದ್ದವು. ಹತ್ತು ವರ್ಷದ ಬಳಿಕ, ಅಣುಬಾಂಬಿನ ಭಯ ಮನೆಮನೆಗೂ ಹೊಕ್ಕಿದ್ದಾಗ, ಅಮೆರಿಕ ಕಾನೆಲ್‌ರ್ಯಾಡ್ ಎಂಬ ಏರ್ಪಾಡು ಮಾಡಿಕೊಂಡಿತು. ಶತ್ರು ವಿಮಾನ ಬರುತ್ತಿದೆ ಎಂದು ತಿಳಿದ ಕೂಡಲೇ ದೇಶದ ಎಲ್ಲ ಕೇಂದ್ರಗಳೂ ಮಾಮೂಲಿ ಪ್ರಸಾರ ನಿಲ್ಲಿಸಬೇಕು. ಜನರಿಗೆ ಸೂಚನೆ ಕೊಡಲು ಆ ಎರಡು ಜಾಗ ಮಾತ್ರ ಉಳಿಯಬೇಕು. 1953ರಿಂದ 1963ರವರೆಗೆ ಅಲ್ಲಿ ತಯಾರಾದ ರೇಡಿಯೊಗಳ ಮೇಲೆ, ಮನೆಯದ್ದಿರಲಿ ಕಾರಿನದ್ದಿರಲಿ, ಈ ಗುರುತು ಇರಬೇಕೆಂದು ಕಾನೂನೇ ಇತ್ತು.

ಹಳೆಯ ಕಾರುಗಳನ್ನು ಮೂಲರೂಪಕ್ಕೆ ತರುವವರಿಗೆ ಇಂಥ ಸಣ್ಣ ಗುರುತೇ ದೊಡ್ಡ ಸಾಕ್ಷಿ. 1957ರ ಅಮೆರಿಕನ್ ಕಾರಿನಲ್ಲಿ ತ್ರಿಕೋನವಿಲ್ಲದ ರೇಡಿಯೊ ಕಂಡರೆ, ಅದು ಆ ಕಾರಿನ ಜತೆ ಹುಟ್ಟಿದ್ದಲ್ಲ ಎಂದು ಬಲ್ಲವರು ಹೇಳಿಬಿಡುತ್ತಾರೆ. ಕ್ಲಾಸಿಕ್ ಕಾರಿಗೆ ಅದರ ಕಾಲದ ರೇಡಿಯೊ ಕೂರಿಸುವುದೆಂದರೆ ಹಳೆಯದಾಗಿ ಕಾಣುವ ಯಾವುದೋ ಪೆಟ್ಟಿಗೆಯನ್ನು ತಂದು ಡ್ಯಾಶ್‌ಬೋರ್ಡಿಗೆ ತುರುಕುವ ಕೆಲಸವಲ್ಲ. ಕಾರಿನ ಬ್ಯಾಟರಿ, ಅದರ ಚಾವಣಿ, ಎಂಜಿನ್ನಿನ ಕಿಡಿ, ಆ ಸೀಮೆಯಲ್ಲಿ ಆಗ ಕೇಳಿಸುತ್ತಿದ್ದ ಕೇಂದ್ರಗಳು, ಇವೆಲ್ಲಕ್ಕೂ ಹೊಂದಿಕೊಂಡು ರೂಪುಗೊಂಡ ವಸ್ತು ಅದು. ಕಾಲ ಹೊಂದಿದರೆ ಸಾಲದು, ಊರೂ ಹೊಂದಬೇಕು. ಇದು ಹೇಗೆ ಎಂದು ತಿಳಿಯಬೇಕಾದರೆ ಕಾರಿನೊಳಗೆ ರೇಡಿಯೊ ಬಂದ ಬಗೆಯನ್ನು ಮೊದಲಿನಿಂದ ನೋಡಬೇಕು.

ಮನೆಯ ರೇಡಿಯೊವನ್ನೇ ಬ್ಯಾಟರಿಗಳ ಸಮೇತ ಕಾರಿಗೆ ಹೇರಿಕೊಂಡು ಹೊರಟ ಸಾಹಸಿಗಳು ಅಮೆರಿಕದಲ್ಲಿ 1922ರ ಹೊತ್ತಿಗೇ ಇದ್ದರು. 1928ರಲ್ಲಿ ಡೆಟ್ರಾಯಿಟ್ ಪೊಲೀಸರು ಗಸ್ತು ಕಾರುಗಳಲ್ಲಿ ರೇಡಿಯೊ ಇಟ್ಟರು. ಠಾಣೆಯಿಂದ ಬಂದ ಮಾತು ಕೇಳಿಸುತ್ತಿತ್ತು, ತಿರುಗಿ ಉತ್ತರ ಕೊಡುವ ಸೌಲಭ್ಯ ಇರಲಿಲ್ಲ. ಸಾಮಾನ್ಯ ಜನ ಕೊಳ್ಳಬಹುದಾದ ಕಾರ್ ರೇಡಿಯೊ ಬಂದದ್ದು ಮಾತ್ರ ಚಿಕಾಗೋದ ಗ್ಯಾಲ್ವಿನ್ ಸೋದರರಿಂದ.

ಪಾಲ್ ಗ್ಯಾಲ್ವಿನ್ ಮತ್ತು ಜೋಸೆಫ್ ಗ್ಯಾಲ್ವಿನ್ 1928ರಲ್ಲಿ ಶುರುಮಾಡಿದ ಕಂಪನಿ ಮೊದಲು ಮಾಡುತ್ತಿದ್ದದ್ದು ಬ್ಯಾಟರಿ ಎಲಿಮಿನೇಟರ್. ಬ್ಯಾಟರಿಯಿಂದ ನಡೆಯುತ್ತಿದ್ದ ಮನೆಯ ರೇಡಿಯೊವನ್ನು ಕರೆಂಟಿನಿಂದ ನಡೆಸುವ ಸಾಧನ. ನೇರ ಕರೆಂಟಿಗೇ ಸಿಕ್ಕಿಸುವ ರೇಡಿಯೊಗಳು ಬಂದ ಮೇಲೆ ಅದನ್ನು ಕೇಳುವವರಿಲ್ಲವಾಯಿತು. ಜತೆಗೆ 1929ರ ಷೇರುಪೇಟೆಯ ಕುಸಿತ. ಬದುಕಿಕೊಳ್ಳಲು ಹೊಸ ಸರಕು ಬೇಕಿತ್ತು. ವಿಲಿಯಂ ಲಿಯರ್, ಎಲ್ಮರ್ ವೇವರಿಂಗ್ ಮೊದಲಾದವರ ನೆರವಿನಿಂದ ಒಂದು ಸೆಟ್ ತಯಾರಾಯಿತು. 1930ರ ಜೂನ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೊ ತಯಾರಕರ ಸಮಾವೇಶ. ಗ್ಯಾಲ್ವಿನ್‌ಗೆ ಒಳಗೆ ಮಳಿಗೆ ಇರಲಿಲ್ಲ. ಸೆಟ್ ಜೋಡಿಸಿದ್ದ ತಮ್ಮ ಸ್ಟೂಡಿಬೇಕರ್ ಕಾರನ್ನೇ ಸಮಾವೇಶದ ಹೊರಗೆ ನಿಲ್ಲಿಸಿ, ದನಿ ಏರಿಸಿ, ಹೋಗಿಬರುವವರಿಗೆ ಕೇಳಿಸಿದರು. ಆರ್ಡರು ಬಂತು. 5ಟಿ71 ಎಂಬ ಆ ಮಾದರಿಗೆ ಇಟ್ಟ ವ್ಯಾಪಾರದ ಹೆಸರೇ ಮೊಟೊರೊಲಾ.

ಬೆಲೆ 110ರಿಂದ 130 ಡಾಲರ್. ಆಗ ಹೊಸ ಫೋರ್ಡ್ ಮಾಡೆಲ್ ಎ ಕಾರೇ 500 ಡಾಲರ್ ಆಸುಪಾಸಿನಲ್ಲಿ ಸಿಗುತ್ತಿತ್ತು. ಕಾರಿನ ಬೆಲೆಯ ನಾಲ್ಕರಲ್ಲಿ ಒಂದು ಪಾಲು ಕೊಟ್ಟು ಹಾಡು ಕೇಳಲು, ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲೂ, ಜನ ಮುಂದೆ ಬಂದರೆಂದರೆ ಆ ಆಸೆ ಎಂಥದ್ದಿರಬೇಕು!

ಕೊಟ್ಟರೂ ಕೆಲಸ ಸುಲಭವಿರಲಿಲ್ಲ. ಸೆಟ್ ಕೂರಿಸಲು ಇಬ್ಬರಿಗೆ ಹಲವು ದಿನ ಹಿಡಿಯುತ್ತಿತ್ತು. ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನಲ್ಲಿ ತೂತು ಕೊರೆದು ಮುಖ್ಯ ಪೆಟ್ಟಿಗೆಯನ್ನು ಬೋಲ್ಟಿನಿಂದ ಬಿಗಿಯಬೇಕು. ಸ್ಪೀಕರಿಗೆ ಬೇರೆ ಜಾಗ. ಕಾಲಡಿಯ ಹಲಗೆ ಬಿಚ್ಚಿ ಹೆಚ್ಚುವರಿ ಬ್ಯಾಟರಿಗಳನ್ನು ಇಡಬೇಕು. ಸ್ಟೇಷನ್ ತಿರುಗಿಸುವ ಗುಂಡಿ ಮಾತ್ರ ಸ್ಟಿಯರಿಂಗ್ ಕಂಬಕ್ಕೆ ಅಂಟಿಕೊಂಡಿರುತ್ತಿತ್ತು. ಅಲ್ಲಿಂದ ಪೆಟ್ಟಿಗೆಯವರೆಗೆ, ಸ್ಪೀಡೋಮೀಟರಿಗೆ ಇರುವಂಥದ್ದೇ ಬಾಗುವ ಕೇಬಲ್. ಡ್ಯಾಶ್‌ಬೋರ್ಡಿನ ನಡುವೆ ರೇಡಿಯೊಗೆಂದೇ ಜಾಗ ಬಿಡುವ ಪದ್ಧತಿ ಬಂದದ್ದು ಅನಂತರ. ಹೀಗಾಗಿ 1931ರ ಕಾರಿನ ಡ್ಯಾಶ್‌ಬೋರ್ಡ್ ಕೊರೆದು ಅಂದವಾದ ರೇಡಿಯೊ ಕೂರಿಸಿದವರು, ಅದು ಎಷ್ಟೇ ಹಳೆಯದಿರಲಿ, ಆ ಕಾಲದಲ್ಲಿ ಇಲ್ಲದ್ದನ್ನು ಮಾಡಿದ್ದಾರೆ. ಕೊರೆದ ತಗಡನ್ನು ಮೊದಲಿನಂತೆ ಮಾಡುವುದೂ ಕಷ್ಟ.

ಎಲ್ಲಕ್ಕಿಂತ ದೊಡ್ಡ ಶತ್ರು ಎಂದರೆ ಕಾರು ತಾನೇ. ಪೆಟ್ರೋಲ್ ಎಂಜಿನ್ ಕಿಡಿಯಿಂದ ನಡೆಯುತ್ತದೆ, ಮಾರ್ಕೋನಿ ಮೊದಲ ಸಂದೇಶ ಕಳಿಸಿದ್ದೂ ಕಿಡಿ ಹಾರಿಸುವ ಯಂತ್ರದಿಂದಲೇ. ಅಂದರೆ ಪ್ರತಿಯೊಂದು ಸ್ಪಾರ್ಕ್ ಪ್ಲಗ್ಗೂ ಒಂದು ಪುಟ್ಟ ಪ್ರಸಾರ ಕೇಂದ್ರ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ ಹಾರುತ್ತವೆ. ಆ ಕಿಡಿಗಳೆಲ್ಲ ಏರಿಯಲ್‌ಗೆ ಬಡಿದು ಸ್ಪೀಕರಿನಲ್ಲಿ ಟರ್‍ರ್ ಎನ್ನುತ್ತಿದ್ದವು. ಎಂಜಿನ್ ನಿಲ್ಲಿಸಿದರಷ್ಟೇ ಹಾಡು. ಓಡುವ ಕಾರಿನಲ್ಲಿ ರೇಡಿಯೊ ಕೇಳಿಸುವಂತೆ ಮಾಡಿದ್ದು ರೇಡಿಯೊ ತಂತ್ರಜ್ಞಾನ ಎನ್ನುವುದಕ್ಕಿಂತ, ಗದ್ದಲ ಅಡಗಿಸುವ ತಂತ್ರಜ್ಞಾನ ಎನ್ನುವುದೇ ಸರಿ.

ಪ್ಲಗ್ಗುಗಳಿಗೂ ಡಿಸ್ಟ್ರಿಬ್ಯೂಟರಿಗೂ ಸಪ್ರೆಸರ್ ಎಂಬ ರೆಸಿಸ್ಟರುಗಳು ಬಂದವು, ಡೈನಮೊಗೆ ಕಂಡೆನ್ಸರ್ ಬಂತು. ಹೆಣೆದ ತಾಮ್ರದ ಪಟ್ಟಿಯಿಂದ ಬಾನೆಟ್ಟನ್ನು ಕಾರಿನ ಬಾಡಿಗೆ ಕಟ್ಟಿ ಅರ್ಥ್ ಮಾಡಿದರು. ಇಷ್ಟಾದರೂ ಒಣಹವೆಯಲ್ಲಿ ವೇಗವಾಗಿ ಓಡುವಾಗ ಇನ್ನೊಂದು ಬಗೆಯ ಚಟಪಟ ಉಳಿದುಬಿಡುತ್ತಿತ್ತು. ಹುಡುಕಿದಾಗ ಸಿಕ್ಕಿದ್ದು ಟೈರು. ರಸ್ತೆಗೆ ಉಜ್ಜುವ ರಬ್ಬರಿನಲ್ಲಿ ಸ್ಥಾಯಿ ವಿದ್ಯುತ್ ಕೂಡಿಕೊಳ್ಳುತ್ತದೆ. ಮುಂದಿನ ಚಕ್ರದ ಬೇರಿಂಗಿನಲ್ಲಿ ಗ್ರೀಸ್ ತುಂಬಿರುವುದರಿಂದ ಅದು ಸಲೀಸಾಗಿ ಬಾಡಿಗೆ ಹರಿಯದೆ, ತಡೆದು ತಡೆದು ಕಿಡಿಯಾಗಿ ಹಾರುತ್ತದೆ. ಇದಕ್ಕೆಂದು ಚಕ್ರದ ನಡುವಿನ ಗ್ರೀಸ್ ಮುಚ್ಚಳದೊಳಗೆ ಪುಟ್ಟ ಸ್ಪ್ರಿಂಗ್ ಕೂರಿಸಿದರು, ಟ್ಯೂಬಿನೊಳಗೆ ಗ್ರಾಫೈಟ್ ಪುಡಿ ಹಾಕಿದರು. ಇವತ್ತು ಹಳೆಯ ಕಾರಿನ ಚಕ್ರ ಬಿಚ್ಚುವವರು ಆ ಸ್ಪ್ರಿಂಗ್ ಕಂಡು, ಏನೋ ಬೇಡದ್ದೆಂದು ಎಸೆದುಬಿಡುವುದುಂಟು. ಅದು ರೇಡಿಯೊದ ಭಾಗ.

ಏರಿಯಲ್ಲಿನ ಕಥೆ ಇನ್ನೂ ಸ್ವಾರಸ್ಯದ್ದು. 1930ರ ಆಸುಪಾಸಿನ ಮುಚ್ಚಿದ ಕಾರುಗಳಿಗೆ ಚಾವಣಿಯ ನಡುಭಾಗ ಮರದ ಪಟ್ಟಿ ಮತ್ತು ಬಟ್ಟೆಯದು. ಅದರಡಿ ಕೋಳಿಗೂಡಿನ ತಂತಿ ಬಲೆಯನ್ನು ಹಾಸಿ ಹೊಲಿದರೆ ಸಾಕು, ಕಣ್ಣಿಗೆ ಬೀಳದ ಒಳ್ಳೆಯ ಏರಿಯಲ್. 1935ರ ಮಾದರಿಗಳಿಂದ ಜನರಲ್ ಮೋಟರ್ಸ್ ಇಡೀ ಚಾವಣಿಯನ್ನು ಒಂದೇ ಉಕ್ಕಿನ ಹಾಳೆಯಿಂದ ಒತ್ತಿ ಮಾಡತೊಡಗಿತು. ಟರೆಟ್ ಟಾಪ್ ಎಂದು ಅದಕ್ಕೆ ಹೆಸರು. ಮಳೆಗೆ ಸೋರುವುದಿಲ್ಲ, ಕಾರು ಉರುಳಿದರೂ ಗಟ್ಟಿ. ಆದರೆ ಉಕ್ಕಿನಡಿ ಇಟ್ಟ ಏರಿಯಲ್‌ಗೆ ಏನೂ ಕೇಳಿಸದು. ಏರಿಯಲ್ ಕಾರಿನ ಹೊಟ್ಟೆಯ ಕೆಳಗೆ, ಪಕ್ಕದ ಮೆಟ್ಟಿಲುಹಲಗೆಯ ಅಡಿಗೆ ಇಳಿಯಿತು. ಅಲ್ಲಿ ಕೆಸರು, ಕಲ್ಲು. ಸ್ವಲ್ಪ ವರ್ಷದಲ್ಲಿ ಆ ಮೆಟ್ಟಿಲುಹಲಗೆಯೇ ಫ್ಯಾಷನ್ನಿನಿಂದ ಮಾಯವಾಗತೊಡಗಿತು. ಕೊನೆಗೆ ಉಳಿದ ದಾರಿ ಒಂದೇ: ಕಾರಿನ ಮುಂಭಾಗದಲ್ಲಿ ಹೊರಗೆ ನಿಂತ ಉಕ್ಕಿನ ಕಡ್ಡಿ. ಕಾರ್ ರೇಡಿಯೊ ಎಂದೊಡನೆ ಕಣ್ಣೆದುರು ಬರುವ ಆ ಕಡ್ಡಿ ಹುಟ್ಟಿದ್ದು ಚಾವಣಿಯ ಉಕ್ಕಿನಿಂದ. 1932ರ ಕಾರಿಗೆ ಮಿರುಗುವ ಕ್ರೋಮಿಯಂ ಕಡ್ಡಿ ನಿಲ್ಲಿಸುವವರು ಈ ಮೂರು ಹೆಜ್ಜೆಗಳನ್ನು ಹಾರಿಬಿಟ್ಟಂತಾಗುತ್ತದೆ.

ಇನ್ನು ವಿದ್ಯುತ್ತು. ಟ್ರಾನ್ಸಿಸ್ಟರಿಗೆ ಮುಂಚಿನ ರೇಡಿಯೊಗಳ ಗಾಜಿನ ವಾಲ್ವ್ ಕೆಲಸ ಮಾಡಲು 200 ವೋಲ್ಟ್ ಆಸುಪಾಸಿನ ಒತ್ತಡ ಬೇಕು. ಆ ಕಾಲದ ಕಾರಿನ ಬ್ಯಾಟರಿ ಕೊಡುವುದು 6 ವೋಲ್ಟ್. ಮೊದಮೊದಲು ಒಣ ಬ್ಯಾಟರಿಗಳ ಸಾಲನ್ನೇ ಕಾರಿನಡಿ ಇಡುತ್ತಿದ್ದರು. ಅವು ಖಾಲಿಯಾದಾಗಲೆಲ್ಲ ಹೊಸದು ಕೊಳ್ಳಬೇಕು. ಈ ಕಾಟ ತಪ್ಪಿಸಿದ್ದು ವೈಬ್ರೇಟರ್. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಅಲ್ಯೂಮಿನಿಯಂ ಡಬ್ಬಿ, ಒಳಗೆ ಒಂದು ಉಕ್ಕಿನ ನಾಲಗೆ. ಸೆಕೆಂಡಿಗೆ ಸುಮಾರು 115 ಸಲ ಅದು ಅತ್ತಿತ್ತ ಬಡಿದುಕೊಂಡು ಬ್ಯಾಟರಿಯ ನೇರ ವಿದ್ಯುತ್ತನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ಮೇಲೇರಿಸುತ್ತದೆ. ಸ್ವಿಚ್ ಹಾಕಿದ ಕೂಡಲೇ ಡ್ಯಾಶ್‌ಬೋರ್ಡಿನ ಹಿಂದಿನಿಂದ ಸಣ್ಣ ಝೇಂಕಾರ. ವಾಲ್ವ್ ಬಿಸಿಯಾಗಲು ಅರ್ಧ ನಿಮಿಷ. ಆಮೇಲೆ ದನಿ ಮೆಲ್ಲಗೆ ಮೇಲೇಳುತ್ತದೆ. 1930ರ ದಶಕದ ಮೊದಲ ವರ್ಷಗಳಿಂದ 1950ರ ದಶಕದ ನಡುವಿನವರೆಗೆ ಕಾರಿನಲ್ಲಿ ರೇಡಿಯೊ ಕೇಳಿದವರೆಲ್ಲ ಈ ಕ್ರಮದಲ್ಲೇ ಕೇಳಿದ್ದಾರೆ.

ಅಂಥ ಸೆಟ್ ಕೈಗೆ ಸಿಕ್ಕಾಗ ತಟ್ಟನೆ ಬ್ಯಾಟರಿಗೆ ಸಿಕ್ಕಿಸಿ ನೋಡುವುದು ಬಹಳ ಜನ ಮಾಡುವ ಅನಾಹುತ. ಟ್ರಾನ್ಸ್‌ಫಾರ್ಮರಿನ ಹೆಚ್ಚು ವೋಲ್ಟಿನ ಸುರುಳಿಗೆ ಅಡ್ಡಲಾಗಿ ಬಫರ್ ಕಂಡೆನ್ಸರ್ ಎಂಬುದೊಂದು ಇರುತ್ತದೆ. ಸಾವಿರಕ್ಕೂ ಮಿಕ್ಕ ವೋಲ್ಟ್ ತಡೆಯಬಲ್ಲದ್ದಾಗಿರಬೇಕು ಅದು. ಮೇಣ ಹಚ್ಚಿದ ಕಾಗದದ ಆ ಕಂಡೆನ್ಸರ್ 70 ವರ್ಷದಲ್ಲಿ ತೇವ ಹೀರಿ ಕೆಟ್ಟಿರುತ್ತದೆ. ಅದು ಸೋರಿದರೆ ವೈಬ್ರೇಟರಿನ ನಾಲಗೆ ಸುಟ್ಟು ಅಂಟಿಕೊಳ್ಳುತ್ತದೆ, ಟ್ರಾನ್ಸ್‌ಫಾರ್ಮರ್ ಹೊಗೆಯಾಡುತ್ತದೆ. ಅಂಥ ಟ್ರಾನ್ಸ್‌ಫಾರ್ಮರ್ ಮತ್ತೆ ಸಿಗುವುದು ಕಷ್ಟ. ಬಲ್ಲ ರಿಪೇರಿಯವರು ಮೊದಲು ಬದಲಿಸುವುದು ಈ ಒಂದು ಕಂಡೆನ್ಸರನ್ನು. ಉಳಿದ ಕಾಗದದ ಕಂಡೆನ್ಸರುಗಳೂ ಫಿಲ್ಟರ್ ಕಂಡೆನ್ಸರುಗಳೂ ಆಮೇಲೆ. ಕೆಲವರು ಹಳೆಯ ಕಂಡೆನ್ಸರಿನ ಕಾಗದದ ಕೊಳವೆಯನ್ನು ಹಾಗೇ ಉಳಿಸಿ, ಒಳಗಿನದನ್ನು ತೆಗೆದು, ಹೊಸದನ್ನು ಅಡಗಿಸಿ ಮತ್ತೆ ಮೇಣ ಸುರಿಯುತ್ತಾರೆ. ಮುಚ್ಚಳ ತೆರೆದರೂ ಸೆಟ್ ಅದೇ ವರ್ಷದ್ದಾಗಿ ಕಾಣಬೇಕೆಂಬ ಶ್ರದ್ಧೆ ಅದು. ಅಂಥ ಕೆಲಸಕ್ಕೆ ಎಷ್ಟು ಗೌರವ ಕೊಟ್ಟರೂ ಕಡಿಮೆಯೇ.

ಅಟ್ಲಾಂಟಿಕ್ ಸಾಗರದ ಈಚೆಗೆ ಕಥೆ ಬೇರೆಯಾಗಿ ಬೆಳೆಯಿತು. ಯೂರೋಪಿನ ಮೊದಲ ಕಾರ್ ರೇಡಿಯೊ ಬರ್ಲಿನ್ನಿನ ಇಡಿಯಲ್ ಕಾರ್ಖಾನೆ 1932ರಲ್ಲಿ ಹೊರತಂದ ಬ್ಲೌಪುಂಕ್ಟ್ ಆಟೊಸೂಪರ್ ಎಎಸ್5. ತೂಕ ಸುಮಾರು 15 ಕಿಲೊ, ಬೆಲೆ ಒಂದು ಸಣ್ಣ ಕಾರಿನ ಮೂರನೇ ಒಂದು ಪಾಲು. ಯುದ್ಧ ಮುಗಿದ ಮೇಲೆ ಜರ್ಮನಿಗೆ ವಿಚಿತ್ರ ಸಂಕಟ. 1948ರ ಕೋಪನ್‌ಹೇಗನ್ ಒಪ್ಪಂದದಲ್ಲಿ ಯೂರೋಪಿನ ಮೀಡಿಯಂ ವೇವ್ ಜಾಗಗಳನ್ನು ಹಂಚಿಕೊಂಡಾಗ ಸೋತ ದೇಶಕ್ಕೆ ಸಿಕ್ಕಿದ್ದು ತೀರಾ ಕಡಿಮೆ. ಬೇರೆ ದಾರಿ ಕಾಣದೆ ಅವರು 1949ರಿಂದ ಎಫ್‌ಎಂ ಕೇಂದ್ರಗಳನ್ನು ಕಟ್ಟತೊಡಗಿದರು. 1952ರಲ್ಲಿ ಬ್ಲೌಪುಂಕ್ಟ್ ಕಾರಿಗೆ ಎಫ್‌ಎಂ ರೇಡಿಯೊ ತಂದಿತು. 1953ರಲ್ಲಿ ಮ್ಯಾಕ್ಸ್ ಎಗೊನ್ ಬೆಕರ್ ಅವರ ಕಂಪನಿ ತಂದ ಬೆಕರ್ ಮೆಕ್ಸಿಕೊದಲ್ಲಿ ಎಫ್‌ಎಂ ಜತೆ ಗುಂಡಿ ಒತ್ತಿದರೆ ತಾನೇ ಮುಂದಿನ ಸ್ಟೇಷನ್ ಹುಡುಕಿ ನಿಲ್ಲುವ ಏರ್ಪಾಡೂ ಇತ್ತು. ಹಿಂದಿನ ವರ್ಷ ಮೆಕ್ಸಿಕೊದ ಕರೇರಾ ಪಾನಮೆರಿಕಾನಾ ರೇಸಿನಲ್ಲಿ ಮರ್ಸಿಡಿಸ್ 300 ಎಸ್‌ಎಲ್ ಗೆದ್ದ ನೆನಪಿಗೆ ಆ ಹೆಸರು.

ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಎಫ್‌ಎಂ ಇರಲಿಲ್ಲ. ಬಿಬಿಸಿ ಅದನ್ನು ಶುರುಮಾಡಿದ್ದು 1955ರಲ್ಲಿ. ಅಲ್ಲಿನ ಕಾರ್ ರೇಡಿಯೊಗಳಲ್ಲಿ ಮೀಡಿಯಂ ವೇವ್ ಮತ್ತು ಲಾಂಗ್ ವೇವ್. ಕಾರಿನ ರೇಡಿಯೊಗೆ ಬೇರೆಯೇ ಲೈಸೆನ್ಸ್ ಕೊಳ್ಳಬೇಕೆಂಬ ನಿಯಮ 1971ರವರೆಗೂ ಇತ್ತು. ಹಾಗಾಗಿ 1954ರ ಮರ್ಸಿಡಿಸ್‌ನಲ್ಲಿ ಎಫ್‌ಎಂ ಇದ್ದರೆ ಸಹಜ, ಅದೇ ವರ್ಷದ ಮೊರಿಸ್ ಮೈನರ್‌ನಲ್ಲಿ ಎಫ್‌ಎಂ ಇದ್ದರೆ ಅದು ಆಮೇಲೆ ಬಂದು ಸೇರಿದ್ದು.

ವಾಲ್ವಿನ ಕಾಲ ಮುಗಿಯುವ ಸೂಚನೆ ಸಿಕ್ಕಿದ್ದು 1955ರ ಏಪ್ರಿಲ್‌ನಲ್ಲಿ. ರೇಡಿಯೊ ಕಂಪನಿ ಫಿಲ್ಕೊ ಜತೆ ಸೇರಿ ಪೂರ್ತಿ ಟ್ರಾನ್ಸಿಸ್ಟರಿನ ಕಾರ್ ರೇಡಿಯೊ ತಯಾರಿಸಿರುವುದಾಗಿ ಕ್ರೈಸ್ಲರ್ ಸಾರಿತು; 1956ರ ಕ್ರೈಸ್ಲರ್ ಮತ್ತು ಇಂಪೀರಿಯಲ್ ಕಾರುಗಳಿಗೆ 150 ಡಾಲರ್ ಹೆಚ್ಚು ಕೊಟ್ಟವರಿಗೆ ಅದು ಸಿಗುತ್ತಿತ್ತು. ವೈಬ್ರೇಟರ್ ಇಲ್ಲ, ಬಿಸಿಯಾಗುವ ತನಕ ಕಾಯುವುದಿಲ್ಲ. ಅದೇ ವರ್ಷಗಳಲ್ಲಿ ಅಮೆರಿಕದ ಕಾರುಗಳು 6 ವೋಲ್ಟಿನಿಂದ 12 ವೋಲ್ಟಿಗೆ ಬಂದವು. ಷೆವ್ರೊಲೆ 1955ರಲ್ಲಿ, ಫೋರ್ಡ್ 1956ರಲ್ಲಿ. 12 ವೋಲ್ಟಿನಲ್ಲೇ ನಡೆಯುವ ವಾಲ್ವುಗಳ ಜತೆಗೆ ಕೊನೆಯ ಹಂತಕ್ಕೆ ಮಾತ್ರ ಟ್ರಾನ್ಸಿಸ್ಟರ್ ಸೇರಿಸಿದ ಬೆರಕೆ ಸೆಟ್ಟುಗಳೂ ಕೆಲವು ವರ್ಷ ಬಂದುಹೋದವು.

ಟ್ರಾನ್ಸಿಸ್ಟರ್ ಬಂದದ್ದೇ ಹೊಸ ಅಪಾಯವೊಂದು ಎದುರಾಯಿತು. ಬ್ಯಾಟರಿಯ ಯಾವ ತುದಿಯನ್ನು ಬಾಡಿಗೆ ಕಟ್ಟಬೇಕೆಂಬುದರಲ್ಲಿ ಕಾರು ಕಂಪನಿಗಳಿಗೆ ಒಮ್ಮತವಿರಲಿಲ್ಲ. ಷೆವ್ರೊಲೆಯಲ್ಲಿ ನೆಗೆಟಿವ್ ಅರ್ಥ್. 1955ರವರೆಗಿನ ಫೋರ್ಡಿನಲ್ಲಿ ಪಾಸಿಟಿವ್ ಅರ್ಥ್. ಬ್ರಿಟಿಷ್ ಕಾರುಗಳಲ್ಲಿ 1960ರ ದಶಕದ ಕೊನೆಯ ತನಕ ಪಾಸಿಟಿವ್ ಅರ್ಥೇ ವಾಡಿಕೆ. ವೈಬ್ರೇಟರ್ ಕತ್ತರಿಸಿದ ವಿದ್ಯುತ್ತನ್ನು ವಾಲ್ವಿನಿಂದ ಮತ್ತೆ ನೇರವಾಗಿಸುವ ಸೆಟ್ಟಿಗೆ ಇದರಿಂದ ತೊಂದರೆಯಿಲ್ಲ. ವೈಬ್ರೇಟರೇ ಆ ಕೆಲಸವನ್ನೂ ಮಾಡುವ ಕೆಲವು ಸೆಟ್ಟುಗಳಲ್ಲಿ ಅದನ್ನು ಕಿತ್ತು, ತಿರುಗಿಸಿ, ಮತ್ತೆ ಚುಚ್ಚಿದರೆ ಸರಿಹೋಗುತ್ತದೆ. ಟ್ರಾನ್ಸಿಸ್ಟರಿನ ಸೆಟ್ಟಿಗೆ ಮಾತ್ರ ತಿರುಗುಮುರುಗು ಕೊಟ್ಟರೆ ಕ್ಷಣದಲ್ಲಿ ಕೆಲಸ ಮುಗಿಯಿತು. ಬ್ರಿಟಿಷ್ ತಯಾರಕರು ಸೆಟ್ಟಿನ ಬೆನ್ನಿಗೆ ಅದಕ್ಕೆಂದೇ ಬದಲಿಸುವ ಪ್ಲಗ್ ಇಡುತ್ತಿದ್ದರು. ಬೇಬಿ ಹಿಂದೂಸ್ತಾನ್ ಎಂಬ ಹೆಸರಿನಲ್ಲಿ ನಮ್ಮ ರಸ್ತೆಗಳಲ್ಲೂ ಓಡಿದ ಮೊರಿಸ್ ಮೈನರ್ ಇಟ್ಟುಕೊಂಡವರು, ರೇಡಿಯೊ ಸಿಕ್ಕಿತೆಂಬ ಸಂತೋಷದಲ್ಲಿ ಕೆಂಪು ತಂತಿ ಕಪ್ಪು ತಂತಿ ಎಂದಷ್ಟೇ ನೋಡಿ ಜೋಡಿಸಬಾರದು. ಮೊದಲು ಬಾನೆಟ್ ತೆಗೆದು ಬ್ಯಾಟರಿಯ ಯಾವ ತುದಿಯಿಂದ ಪಟ್ಟಿ ಬಾಡಿಗೆ ಹೋಗಿದೆ ಎಂದು ನೋಡಬೇಕು. ಎಷ್ಟೋ ಕಾರುಗಳಲ್ಲಿ ಹಿಂದಿನ ಮಾಲೀಕರು ಅದನ್ನೂ ಬದಲಿಸಿರುತ್ತಾರೆ.

ಕಾರಿನಲ್ಲಿ ಹಾಡು ಕೇಳಲು ರೇಡಿಯೊ ಒಂದೇ ದಾರಿಯಾಗಿ ಉಳಿಯಲಿಲ್ಲ. 1956ರಲ್ಲಿ ಕ್ರೈಸ್ಲರ್ ಡ್ಯಾಶ್‌ಬೋರ್ಡಿನಡಿ ಗ್ರಾಮಫೋನ್ ಕೂಡ ಇಟ್ಟಿತು, ನಡೆಯಲಿಲ್ಲ. 1966ರ ಮಾದರಿಗಳಲ್ಲಿ ಫೋರ್ಡ್ ತಂದ ಎಂಟು ಟ್ರ್ಯಾಕಿನ ಟೇಪು ಕೆಲ ವರ್ಷ ಚೆನ್ನಾಗಿ ನಡೆಯಿತು. ಅದರ ಹಿಂದಿದ್ದವರು, ಆ ಹೊತ್ತಿಗೆ ಜೆಟ್ ವಿಮಾನಕ್ಕೂ ತಮ್ಮ ಹೆಸರು ಕೊಟ್ಟಿದ್ದ, ಮೊಟೊರೊಲಾದ ದಿನಗಳ ಅದೇ ವಿಲಿಯಂ ಲಿಯರ್.

ನಮ್ಮ ಕಡೆಯ ಕಾರುಗಳಿಗೆ ಬಂದರೆ ಲೆಕ್ಕವೇ ಬೇರೆ. ಗ್ಯಾಲ್ವಿನ್ ತಮ್ಮ ಕಾರನ್ನು ಅಟ್ಲಾಂಟಿಕ್ ಸಿಟಿಯಲ್ಲಿ ನಿಲ್ಲಿಸಿದಾಗ ಕನ್ನಡ ನಾಡಿನಲ್ಲಿ ಒಂದೂ ರೇಡಿಯೊ ಕೇಂದ್ರ ಇರಲಿಲ್ಲ. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆ ವಿಠಲ ವಿಹಾರದಿಂದ 30 ವ್ಯಾಟಿನ ಪುಟ್ಟ ಯಂತ್ರ ಇಟ್ಟು ಪ್ರಸಾರ ಶುರುಮಾಡಿದ್ದು 1935ರ ಸೆಪ್ಟೆಂಬರಿನಲ್ಲಿ. ಅಷ್ಟು ಕಡಿಮೆ ಬಲದ ಪ್ರಸಾರವನ್ನು, ಕಿಡಿ ಹಾರಿಸುತ್ತ ಓಡುವ ಎಂಜಿನ್ನಿನ ಪಕ್ಕ ಕೂತು ಊರಾಚೆ ಕೇಳುವ ಮಾತೇ ಇಲ್ಲ. ಧಾರವಾಡ ಕೇಂದ್ರ 1950ರ ಜನವರಿಯಲ್ಲಿ ಬಂತು, ಮೈಸೂರಿನ ಆಕಾಶವಾಣಿ 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಹೋಯಿತು, ಭದ್ರಾವತಿ, ಕಲಬುರಗಿ, ಮಂಗಳೂರು ಆಮೇಲೆ ಸೇರಿದವು. ಎಲ್ಲವೂ ಮೀಡಿಯಂ ವೇವ್. ಮೈಸೂರು ಸೀಮೆಗೆ 1940ರ ದಶಕದಲ್ಲಿ ರೇಡಿಯೊ ಸಮೇತ ಬಂದಿಳಿದ ಬ್ರಿಟಿಷ್ ಕಾರಿನಲ್ಲಿ ಲಾಂಗ್ ವೇವ್ ಪಟ್ಟಿಯಿಂದ ಏನೂ ಸಿಗುತ್ತಿರಲಿಲ್ಲ.

ಅದೂ ಅಲ್ಲದೆ ಲೈಸೆನ್ಸ್. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ರೇಡಿಯೊ ಎಲ್ಲೇ ಇರಲಿ, ಇಟ್ಟುಕೊಳ್ಳಲು ಪರವಾನಗಿ ಬೇಕು. ವರ್ಷಕ್ಕೊಮ್ಮೆ ಪೋಸ್ಟಾಫೀಸಿನಲ್ಲಿ ಹಣ ಕಟ್ಟಿ ಪುಸ್ತಕಕ್ಕೆ ಸ್ಟಾಂಪು ಹಚ್ಚಿಸಿಕೊಂಡು ಬರಬೇಕು. 1980ರ ದಶಕದಲ್ಲಿ ಅದು ರದ್ದಾಗುವವರೆಗೆ ಈ ಓಡಾಟ ತಪ್ಪಲಿಲ್ಲ. ಹಳೆಯ ಕಾರಿನ ಆರ್‌ಸಿ, ಇನ್ಶೂರೆನ್ಸ್ ಕಾಗದಗಳ ನಡುವೆ ಅಂಥ ಲೈಸೆನ್ಸ್ ಪುಸ್ತಕ ಸಿಕ್ಕರೆ ಅದನ್ನು ಜೋಪಾನವಾಗಿ ಇಡಬೇಕು. ಸೆಟ್ ಯಾವ ಕಂಪನಿಯದ್ದು, ಯಾವ ವರ್ಷ ಬಂತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ದಾಖಲೆ ಸಿಗುವುದು ಅಪರೂಪ.

ಅಂಬಾಸಿಡರ್ ರಸ್ತೆಗಿಳಿದ ಹೊತ್ತಿಗೇ, 1957ರ ಅಕ್ಟೋಬರಿನಲ್ಲಿ, ವಿವಿಧ ಭಾರತಿ ಶುರುವಾಯಿತು. ಅದರ ಮೊದಲ ಪ್ರಸಾರ ಶಾರ್ಟ್ ವೇವ್‌ನಲ್ಲಿ; ಹಿಂದಿ ಸಿನಿಮಾ ಹಾಡಿಗೆ ಜನ ಹುಡುಕುತ್ತಿದ್ದ ರೇಡಿಯೊ ಸಿಲೋನ್ ಕೂಡ ಶಾರ್ಟ್ ವೇವ್‌ನಲ್ಲೇ. ಹೀಗಾಗಿ ಆ ಕಾಲದ ಅಂಬಾಸಿಡರಿಗೋ ಫಿಯಟ್ 1100ಕ್ಕೋ ಮೀಡಿಯಂ ವೇವ್ ಜತೆ ಶಾರ್ಟ್ ವೇವ್ ಇರುವ ಸೆಟ್ ಹೆಚ್ಚು ಒಪ್ಪುತ್ತದೆ. ಖಾಸಗಿ ಎಫ್‌ಎಂ ಬೆಂಗಳೂರಿಗೆ ಬಂದದ್ದು 2001ರ ಜುಲೈನಲ್ಲಿ, ಪ್ರೀಮಿಯರ್ ಪದ್ಮಿನಿಯ ತಯಾರಿಕೆ ಮುಗಿಯುವ ಕಾಲಕ್ಕೆ. 1974ರ ಪದ್ಮಿನಿಗೆ ದುಬಾರಿ ಬೆಲೆಯ ಜರ್ಮನ್ ಎಫ್‌ಎಂ ರೇಡಿಯೊ ತರಿಸಿ ಕೂರಿಸಿದರೆ, ರೇಡಿಯೊ ಆ ವರ್ಷದ್ದೇ ಇದ್ದರೂ ಆ ಕಾರಿನಲ್ಲಿ ಆಗ ಯಾರೂ ಕೇಳಲಾಗದಿದ್ದದ್ದನ್ನು ಕೂರಿಸಿದಂತೆ. ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದ ಕರಾವಳಿಯವರು ರಜೆಗೆ ಬರುವಾಗ ಹೊತ್ತು ತಂದ ಜಪಾನಿ ಕ್ಯಾಸೆಟ್ ಸ್ಟೀರಿಯೊಗಳು 1980ರ ದಶಕದ ಮಂಗಳೂರು, ಉಡುಪಿ ಕಡೆಯ ಕಾರುಗಳಿಗೆ ಹೆಚ್ಚು ನಿಜವಾದವು. ಅವನ್ನು ಕೀಳೆಂದು ಕಿತ್ತೆಸೆಯುವುದು ಸರಿಯಲ್ಲ. ಆ ಕಾರಿನ ಬದುಕಿನ ಭಾಗ ಅವು.

ಒಂದು ತಾಂತ್ರಿಕ ಮಾತು ಇಲ್ಲಿ ಹೇಳಲೇಬೇಕು. ಅಮೆರಿಕ ಖಂಡಗಳಲ್ಲಿ ಮೀಡಿಯಂ ವೇವ್ ಕೇಂದ್ರಗಳ ನಡುವೆ 10 ಕಿಲೋಹರ್ಟ್ಜ್ ಅಂತರ. ಭಾರತವೂ ಸೇರಿ ಉಳಿದ ಕಡೆ 1978ರಿಂದ 9 ಕಿಲೋಹರ್ಟ್ಜ್. ಬೆಂಗಳೂರಿನ 612, ಧಾರವಾಡದ 765, ಭದ್ರಾವತಿಯ 675, ಎಲ್ಲವೂ ಒಂಬತ್ತರ ಮಗ್ಗಿಯಲ್ಲಿ ಬರುವ ಸಂಖ್ಯೆಗಳೇ. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ 1980ರ ದಶಕದ ಡಿಜಿಟಲ್ ಸೆಟ್ 610ರಿಂದ ನೇರ 620ಕ್ಕೆ ಹಾರುತ್ತದೆ, ಬೆಂಗಳೂರು ಸರಿಯಾಗಿ ಸಿಕ್ಕದು. ಅದೇ 1950ರ ಮುಳ್ಳಿನ ಸೆಟ್ಟಿನಲ್ಲಿ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ 612 ಸ್ಪಷ್ಟವಾಗಿ ಬಂದು ನಿಲ್ಲುತ್ತದೆ. ಇನ್ನು ಸೆಟ್ ಕೂರಿಸಿದ ಮೇಲೆ ಏರಿಯಲ್ ಟ್ರಿಮ್ಮರ್ ಎಂಬ ಪುಟ್ಟ ಸ್ಕ್ರೂ ತಿರುಗಿಸಿ ಏರಿಯಲ್ಲನ್ನೂ ಸೆಟ್ಟನ್ನೂ ಹೊಂದಿಸಬೇಕು. ಪಟ್ಟಿಯ ಮೇಲ್ತುದಿಯಲ್ಲಿ, 1400ರ ಆಸುಪಾಸಿನಲ್ಲಿ, ಕ್ಷೀಣವಾಗಿ ಕೇಳಿಸುವ ಕೇಂದ್ರವೊಂದನ್ನು ಹಿಡಿದು ದನಿ ಅತಿ ಹೆಚ್ಚಾಗುವ ತನಕ ಸ್ಕ್ರೂ ಆಡಿಸುವುದು ಕ್ರಮ. ಹಗಲಿನಲ್ಲಿ ಅಲ್ಲಿ ಏನೂ ಸಿಗದಿದ್ದರೆ ರಾತ್ರಿ ಕೂತು ಮಾಡಬೇಕು, ಆಗ ದೂರದ ಕೇಂದ್ರಗಳು ಹೇಗೂ ತೇಲಿಬರುತ್ತವೆ. ಈ ಒಂದು ಸ್ಕ್ರೂ ಮುಟ್ಟದೆ, ಸೆಟ್ಟೇ ಸರಿಯಿಲ್ಲ ಎಂದು ಮೂಲೆಗೆ ಎಸೆದವರು ಬಹಳ.

ಈಗ ಇನ್ನೊಂದು ರೂಢಿ ಬೆಳೆದಿದೆ. ಹಳೆಯ ರೇಡಿಯೊದ ಮುಖ, ಗುಂಡಿ, ಪಟ್ಟಿ ಎಲ್ಲ ಉಳಿಸಿ, ಒಳಗಿನ ವಾಲ್ವು, ಟ್ರಾನ್ಸ್‌ಫಾರ್ಮರ್ ಕಿತ್ತು, ಎಫ್‌ಎಂ ಮತ್ತು ಬ್ಲೂಟೂತ್ ಇರುವ ಹೊಸ ಬೋರ್ಡ್ ಕೂರಿಸುವುದು. ಹೊರಗಿನಿಂದ ಗೊತ್ತಾಗುವುದಿಲ್ಲ. ದಿನವೂ ಕಾರು ಓಡಿಸುವವರಿಗೆ ಹಾಡು ಬೇಕು, ಅವರ ಆಸೆ ತಪ್ಪೆನ್ನಲಾಗದು. ಆದರೆ ಕಿತ್ತ ಒಳಭಾಗ ಗುಜರಿಗೆ ಹೋಗುವುದು ದುಃಖದ ಸಂಗತಿ. ಅಂತರರಾಷ್ಟ್ರೀಯ ಹಳೆಯ ವಾಹನಗಳ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿದ ಟೂರಿನ್ ಸನ್ನದು ಇಂಥದಕ್ಕೆ ಸರಳ ದಾರಿ ತೋರಿಸುತ್ತದೆ: ಬದಲಾವಣೆ ಮಾಡಲೇಬೇಕಾದರೆ ಅದನ್ನು ಮುಂದೆ ಯಾವಾಗ ಬೇಕಾದರೂ ಹಿಂದಕ್ಕೆ ತಿರುಗಿಸುವಂತಿರಬೇಕು, ಏನು ಮಾಡಿದೆವೆಂದು ಬರೆದಿಡಬೇಕು. ಬ್ಲೂಟೂತ್ ಬೇಕಾದವರು ಸೀಟಿನಡಿಯೋ ಗ್ಲೋವ್ ಬಾಕ್ಸಿನೊಳಗೋ ಬೇರೆ ಸಣ್ಣ ಆಂಪ್ಲಿಫೈಯರ್ ಇಟ್ಟುಕೊಂಡು ಡ್ಯಾಶ್‌ಬೋರ್ಡಿನ ಸೆಟ್ಟನ್ನು ಹಾಗೇ ಬಿಡಬಹುದು. ಡ್ಯಾಶ್‌ಬೋರ್ಡನ್ನು 180 ಮಿಲಿಮೀಟರ್ ಉದ್ದ 50 ಮಿಲಿಮೀಟರ್ ಎತ್ತರದ ಇವತ್ತಿನ ಅಳತೆಗೆ ಕತ್ತರಿಸುವುದನ್ನಂತೂ ಯಾರೂ ಮಾಡಬಾರದು. ಕಾರು ಹುಟ್ಟಿದಾಗ ರೇಡಿಯೊ ಇಲ್ಲದೆ, ಆ ಜಾಗಕ್ಕೆ ತಗಡಿನ ಮುಚ್ಚಳ ಹಾಕಿ ಬಂದಿದ್ದರೆ, ಆ ಮುಚ್ಚಳವೂ ಅಷ್ಟೇ ಅಸಲಿ.

ಈ ನಡುವೆ ಕೇಳಲು ಕೇಂದ್ರಗಳೇ ಕಡಿಮೆಯಾಗುತ್ತಿವೆ. ಜರ್ಮನಿಯ ಸಾರ್ವಜನಿಕ ರೇಡಿಯೊ ಮೀಡಿಯಂ ವೇವ್ ಪ್ರಸಾರವನ್ನು 2015ರ ಕೊನೆಯ ಹೊತ್ತಿಗೆ ನಿಲ್ಲಿಸಿಬಿಟ್ಟಿತು. ಆಕಾಶವಾಣಿಯೂ ಎಫ್‌ಎಂ ಕಡೆ ವಾಲಿ ಹಳೆಯ ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳನ್ನು ಒಂದೊಂದಾಗಿ ಆರಿಸುತ್ತಿದೆ. ಕಾರು ಕಂಪನಿಗಳ ಕಡೆಯಿಂದ ಗ್ಯಾಲ್ವಿನ್ ಕಾಲದ ಸಮಸ್ಯೆಯೇ ಮರಳಿ ಬಂದಿದೆ: ಎಲೆಕ್ಟ್ರಿಕ್ ಕಾರಿನ ಮೋಟಾರು ಮತ್ತು ಅದರ ಇನ್ವರ್ಟರಿನ ಗದ್ದಲ ಮೀಡಿಯಂ ವೇವ್‌ನಲ್ಲಿ ಕೇಳಿಸುತ್ತದೆ. ಟೆಸ್ಲಾ, ಬಿಎಂಡಬ್ಲ್ಯು ತಮ್ಮ ಎಲೆಕ್ಟ್ರಿಕ್ ಕಾರುಗಳಿಂದ ಎಎಂ, ಅಂದರೆ ಮೀಡಿಯಂ ವೇವ್, ರೇಡಿಯೊ ತೆಗೆದವು. ಫೋರ್ಡ್ ಕೂಡ ತೆಗೆಯುವುದಾಗಿ ಹೇಳಿ, ತುರ್ತು ಸೂಚನೆಗಳಿಗೆ ಅದು ಬೇಕೆಂದು ಜನಪ್ರತಿನಿಧಿಗಳು ಪಟ್ಟುಹಿಡಿದ ಮೇಲೆ 2023ರ ಮೇ ತಿಂಗಳಲ್ಲಿ ಹಿಂದೆ ಸರಿಯಿತು.

ಅಮೆರಿಕದ ಸೆಟ್ಟುಗಳ ಮಟ್ಟಿಗೆ ತಿಳಿವಳಿಕೆ ಕಳೆದುಹೋಗುವ ಭಯ ಕಡಿಮೆ. 1931ರಿಂದ ಬಂದ ರೈಡರ್ ಸಂಪುಟಗಳಲ್ಲಿ, 1946ರಿಂದ ಬಂದ ಸ್ಯಾಮ್ಸ್ ಫೋಟೊಫ್ಯಾಕ್ಟ್ ಹಾಳೆಗಳಲ್ಲಿ ಸೆಟ್ಟುಗಳ ಸರ್ಕ್ಯೂಟು, ವೋಲ್ಟೇಜು ಎಲ್ಲ ಅಚ್ಚಾಗಿವೆ. ನಮ್ಮಲ್ಲಿ ಆ ತಿಳಿವಳಿಕೆ ಹೆಚ್ಚಾಗಿ ಇರುವುದು ಬೆಂಗಳೂರಿನ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆಯಂಥ ಕಡೆಗಳಲ್ಲಿ, ಜಿಲ್ಲಾ ಕೇಂದ್ರಗಳ ಹಳೆಯ ರೇಡಿಯೊ ರಿಪೇರಿ ಅಂಗಡಿಗಳಲ್ಲಿ ವಯಸ್ಸಾದ ಕೆಲಸಗಾರರ ಕೈಯಲ್ಲಿ. ಯಾವ ಕಾರಿಗೆ ಯಾವ ಸೆಟ್ ಹಾಕುತ್ತಿದ್ದರು, ಬ್ರಾಕೆಟ್ಟನ್ನು ಎಲ್ಲಿ ಬಿಗಿಯುತ್ತಿದ್ದರು, ಡೈನಮೊದ ಗೊರಗೊರ ಹೇಗೆ ತೆಗೆಯುತ್ತಿದ್ದರು ಎಂದು ಅವರನ್ನು ಕೂರಿಸಿ ಕೇಳಿ, ಅಂಗಡಿಯ ಡ್ರಾಯರಿನಲ್ಲಿ ಉಳಿದಿರುವ ಸರ್ಕ್ಯೂಟ್ ಹಾಳೆಗಳ ಫೋಟೊ ತೆಗೆದಿಡುವ ಕೆಲಸಕ್ಕೆ ದೊಡ್ಡ ಖರ್ಚಿಲ್ಲ. ರಾಜ್ಯದ ಹಳೆಯ ಕಾರಿನ ಕ್ಲಬ್ಬುಗಳು ಅದನ್ನು ಈ ವರ್ಷವೇ ಶುರುಮಾಡಬಹುದು.